ದಯವಿಟ್ಟಪ್ಪನವರು ಟೀವಿಯಲ್ಲಿ ಏಕವಚನ ಆಡಿದ್ದು

ನಮ್ಮ ಕಟ್ಟಡದಲ್ಲಿ ಬೀದಿನಾಯಿಗೂ ಬಹುವಚನದ ಮರ್ಯಾದೆ ಸಿಗುತ್ತಿತ್ತು. ಅದು ಎರಡನೇ ಮಹಡಿಯ ದಯವಿಟ್ಟಪ್ಪನವರ ಕೃಪೆ. ಮೆಟ್ಟಿಲಿಗೆ ಅಡ್ಡ ಮಲಗಿದ್ದ ನಾಯಿಯ ಮುಂದೆ ಕೈಚೀಲ ಹಿಡಿದು ನಿಂತು, "ದಯವಿಟ್ಟು ತಾವು ಸ್ವಲ್ಪ ಸರಿದ್ರೆ ಉಪಕಾರವಾಗುತ್ತೆ" ಎಂದು ಅವರು ಕೇಳಿಕೊಂಡದ್ದನ್ನು ಕೆಳಗೆ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನಾನೇ ಕಿವಿಯಾರೆ ಕೇಳಿದ್ದೇನೆ. ನಾಯಿ ಸರಿಯಲಿಲ್ಲ. ಅವರು ಗೋಡೆಗೆ ಬೆನ್ನೊತ್ತಿ, ಹೊಟ್ಟೆಯನ್ನು ಒಳಗೆಳೆದುಕೊಂಡು, ಹೇಗೋ ದಾಟಿ ಆಚೆ ಹೋಗಿ, ತಿರುಗಿ "ಧನ್ಯವಾದ" ಎಂದರು.

ಅವರಿಗೆ ತಂದೆತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಮಾತಿಗೊಂದು 'ದಯವಿಟ್ಟು' ಸೇರಿಸಿ ಸೇರಿಸಿ ಆ ಹೆಸರು ಸವೆದು ಹೋಗಿ, ಊರಿಗೆಲ್ಲ ದಯವಿಟ್ಟಪ್ಪನವರಾಗಿ ಉಳಿದಿದ್ದರು. ಕೆಲಸ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ. ನಲ್ಲಿ ಒಣಗಿ ತಲೆ ಕಾದವರು ಕಿಂಡಿಯೊಳಗೆ ಮುಖ ತೂರಿಸಿ ಕಿರುಚಲು ಬಾಯಿ ತೆರೆಯುವಷ್ಟರಲ್ಲಿ ಇವರು ಎದ್ದು ನಿಂತು, "ತಾವು ಇಷ್ಟು ದೂರ ಬಂದು ಆಯಾಸ ಪಟ್ಟಿದ್ದೀರಿ. ದಯವಿಟ್ಟು ಮೊದಲು ಕೂತ್ಕೊಳ್ಳಿ. ಮನೇಲಿ ಎಲ್ಲರೂ ಆರೋಗ್ಯವಾಗಿದ್ದಾರಾ?" ಎನ್ನುವರು. ಬಂದವರು ಮನೆಯವರ ಆರೋಗ್ಯ, ಮಗಳ ಪರೀಕ್ಷೆ, ತಮ್ಮ ಮಂಡಿನೋವು ಎಲ್ಲ ಹೇಳಿಕೊಂಡು, ಹಗುರವಾಗಿ ಎದ್ದು ಹೋಗುವರು. ಬಸ್ಸು ಹತ್ತಿದ ಮೇಲೆಯೇ ಅವರಿಗೆ ನೀರಿನ ವಿಷಯ ಎತ್ತಲೇ ಇಲ್ಲವೆಂದು ನೆನಪಾಗುವುದು. ದೂರುಗಳು ಕಡಿಮೆಯಾದವೆಂದು ಇಲಾಖೆಗೆ ಬಹುಮಾನ ಬಂತು. ನೀರು ಮಾತ್ರ ಬರಲಿಲ್ಲ.

'ನೀನು' ಎಂಬ ಮಾತನ್ನು ಅವರ ಬಾಯಿಂದ ಯಾರೂ ಕೇಳಿದವರಿರಲಿಲ್ಲ. ಹೆಂಡತಿಗೆ 'ನೀವು' ಎಂದರೆ ಆಕೆಗೆ ಸಿಟ್ಟು. 'ನೀನು' ಎನ್ನಲು ಇವರ ನಾಲಿಗೆ ಏಳದು. ಹಾಗಾಗಿ ಸರ್ವನಾಮವನ್ನೇ ಬಿಟ್ಟು ಸಂಸಾರ ಸಾಗಿಸಿದ್ದರು. "ಚಹಾ ಆಗೋ ಲಕ್ಷಣ ಇದೆಯಾ?" "ಛತ್ರಿ ತಗೊಂಡು ಹೋದ್ರೆ ಒಳ್ಳೇದಿತ್ತು." ಮಗಳು ಪುಟ್ಟಿಗೆ, "ಓದೋದು ಮುಗೀತಾ?" ಮಾತು ಬೇಕಾದಷ್ಟಿದ್ದು, ವಾಕ್ಯದೊಳಗೆ ಯಾರೂ ವಾಸವಿಲ್ಲದ ಮನೆ ಅದು.

ಅದೇ ಮಹಡಿಯ ಎದುರು ಮನೆಯಲ್ಲಿ ಮಿಷಿನ್ ಅಜ್ಜಿ ಇದ್ದರು. ಹೊಲಿಗೆ ಮಿಷಿನ್ ರಿಪೇರಿ ಅವರ ಕಸುಬು. ಅವರು ಆಚೆ ದಡದವರು. ಅಂದರೆ ಅವರ ಅಜ್ಜ ಮುತ್ತಜ್ಜಂದಿರು ದೋಣಿಯಲ್ಲಿ ಹೊಳೆ ದಾಟಿ ಬಂದು ನಮ್ಮೂರಿನ ಕೆಳಬೀದಿಗಳಲ್ಲಿ ನೆಲೆ ನಿಂತವರು. ಮನೆಯೊಳಗೆ ಅವರ ಮಾತು ಬೇರೆ, ಬೀದಿಗೆ ಬಂದರೆ ನಮ್ಮದೇ. ಅವರ ಮನೆಮಾತಿನಲ್ಲಿ ಎದುರಿಗಿರುವ ಒಬ್ಬರನ್ನು ಕರೆಯಲು ಇರುವುದು ಒಂದೇ ಪದ. ದೇವರಿಗೂ ಅದೇ, ಡಾಕ್ಟರಿಗೂ ಅದೇ, ಡಬ್ಬದಂಗಡಿಯವನಿಗೂ ಅದೇ. ಆದ್ದರಿಂದ ನಮ್ಮ ಭಾಷೆ ಆಡುವಾಗಲೂ ಅವರಿಗೆ ಎಲ್ಲರೂ 'ನೀನು'.

ಸಂಜೆ ದಯವಿಟ್ಟಪ್ಪನವರು ಮೆಟ್ಟಿಲು ಹತ್ತಿ ಬಂದರೆ ಅಜ್ಜಿ ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತು, "ಬಂದ್ಯಾ? ಇವತ್ತೂ ಯಾರಿಗೂ ನೀರು ಕೊಡ್ಲಿಲ್ಲ ತಾನೇ ನೀನು?" ಎಂದು ನಗುವರು. ಇವರು ನಡು ಬಗ್ಗಿಸಿ, "ತಾವು ಕ್ಷೇಮವೇ ಅಜ್ಜಿ?" ಎನ್ನುವರು. ಅಷ್ಟಕ್ಕೆ ಅಜ್ಜಿಯ ಮುಖ ಸಣ್ಣಗಾಗಿ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಇದನ್ನು ನಾವೆಲ್ಲ ನೋಡಿದ್ದೆವು. ವಯಸ್ಸಾದವರು, ಪಾಪ, ಸೊಂಟ ನೋವಿರಬೇಕು ಎಂದುಕೊಂಡಿದ್ದೆವು.

ಇಂಥ ಹೊತ್ತಿನಲ್ಲಿ ಪುರಸಭೆ ಅಧ್ಯಕ್ಷರು ಕೆಳಬೀದಿಯಲ್ಲಿ ಹೊಸ ನೀರಿನ ಟ್ಯಾಂಕು ಉದ್ಘಾಟಿಸಲು ಬಂದರು. ಟೇಪು ಕತ್ತರಿಸಿದರು, ಚಪ್ಪಾಳೆಯಾಯಿತು. ಗುಂಪಿನ ನಡುವಿನಿಂದ ಮಿಷಿನ್ ಅಜ್ಜಿ ಕೈಯೆತ್ತಿದರು.

"ಏನಪ್ಪಾ, ನೀನೇ ಅಲ್ವಾ ಅಧ್ಯಕ್ಷ? ಟ್ಯಾಂಕ್ ಚೆನ್ನಾಗಿದೆ. ಅದಕ್ಕೆ ನೀರು ಯಾವಾಗ ಬಿಡ್ತೀಯಾ?"

ಯಾರೋ ಪುಣ್ಯಾತ್ಮರು ಅದನ್ನು ಫೋನಿನಲ್ಲಿ ಹಿಡಿದರು. ಸಂಜೆಯೊಳಗೆ ಊರಿಗೆ ಊರೇ ನೋಡಿತು. ಅಧ್ಯಕ್ಷರಿಗೆ ನೀರಿನ ಪ್ರಶ್ನೆ ಚುಚ್ಚಲಿಲ್ಲ. ಆ ಕೊನೆಯ 'ಬಿಡ್ತೀಯಾ' ಚುಚ್ಚಿತು. "ಬಿಡ್ತೀರಾ ಅಂದಿದ್ರೆ ಆ ಕ್ಷಣಾನೇ ಬಿಟ್ಟುಬಿಡ್ತಿದ್ದೆ" ಎಂದು ಪತ್ರಿಕೆಯವರ ಮುಂದೆ ಕಣ್ಣೊರೆಸಿಕೊಂಡರು. ಮರುದಿನವೇ ಒಂದು ಸಾರ್ವಜನಿಕ ಮರ್ಯಾದಾ ನಿಯಮ ತರುವುದಾಗಿ ಸಾರಿದರು: ಸರ್ಕಾರಿ ಕೌಂಟರಿನಲ್ಲಿ ಏಕವಚನ ಬಳಸಿದವರನ್ನು ಕೆಲಸ ಮಾಡಿಕೊಡದೆ ಹಿಂದಕ್ಕೆ ಕಳಿಸುವುದು. ಅದು ಯಾರ ತಲೆಯ ಮೇಲೆ ಬೀಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಬೇಕರಿಯವನು ಇನ್ನೂ ಬಾರದ ನಿಯಮಕ್ಕೆ ಮೊದಲೇ ತಲೆಬಾಗಿ, "ಇಲ್ಲಿ 'ನೀವು' ಅನ್ನುವವರಿಗೆ ಮಾತ್ರ" ಎಂದು ಬೋರ್ಡು ತೂಗು ಹಾಕಿದ. ಅವನನ್ನು ನೋಡಿ ಔಷಧಿ ಅಂಗಡಿಯವನು, ಇವನನ್ನು ನೋಡಿ ಕ್ಷೌರದವನು. ಅಜ್ಜಿಯ ಹತ್ತಿರ ರಿಪೇರಿಗೆ ಬಿಟ್ಟಿದ್ದ ಮಿಷಿನ್ನುಗಳನ್ನು ಜನ ಒಬ್ಬೊಬ್ಬರಾಗಿ, ಬಿಚ್ಚಿದ ಸ್ಥಿತಿಯಲ್ಲೇ, ಹೊತ್ತುಕೊಂಡು ಹೋದರು. ಚಕ್ರ ಒಂದು ಕಡೆ, ಸೂಜಿಯ ತಲೆ ಒಂದು ಕಡೆ ಹಿಡಿದುಕೊಂಡು ಇಳಿಯುತ್ತಿದ್ದವರಿಗೆ ಅಜ್ಜಿ "ಜೋಪಾನ, ಬೀಳಿಸ್ಬೇಡ ನೀನು" ಎಂದಷ್ಟೇ ಹೇಳಿದರು.

ಟೀವಿಯವರಿಗೆ ಹಬ್ಬವೋ ಹಬ್ಬ. 'ಎದುರುಬದುರು' ಎಂಬ ಕಾರ್ಯಕ್ರಮದಲ್ಲಿ ದಿನಾ ಸಂಜೆ ಇದೇ ಚರ್ಚೆ. ನಡೆಸಿಕೊಡುವವರನ್ನು ನಾವು ಗುಡುಗು ಎಂದು ಕರೆಯುತ್ತಿದ್ದೆವು. ದಯವಿಟ್ಟಪ್ಪನವರು ಆ ಕಾರ್ಯಕ್ರಮವನ್ನು ಕೂತು ನೋಡುತ್ತಿರಲಿಲ್ಲ. ಟೀವಿಯ ಮುಂದೆ ನಿಂತು ಕೈಜೋಡಿಸಿ, "ದಯವಿಟ್ಟು ಒಬ್ಬೊಬ್ಬರಾಗಿ! ದಯವಿಟ್ಟು ಅವರಿಗೊಂದು ಅವಕಾಶ ಕೊಡಿ!" ಎಂದು ಪರದೆಯೊಳಗಿನವರನ್ನು ಬೇಡಿಕೊಳ್ಳುತ್ತಿದ್ದರು. ಒಂದು ಸಂಜೆ ಬೇಸತ್ತು ತಿರುಗಿ, ಚಹಾ ಕುಡಿಯುತ್ತಿದ್ದ ಭಾವಮೈದನ ಮುಂದೆ ಆ ಮಾತು ಆಡಿಬಿಟ್ಟರು.

"ಇವರಿಗೆ ಯಾರಾದ್ರೂ ವಿನಯ ಅಂದ್ರೇನು ಅಂತ ಐದು ನಿಮಿಷ ಹೇಳಿಕೊಟ್ರೆ ಈ ಜಗಳಾನೇ ಇರಲ್ಲ. ನನ್ನನ್ನ ಕೂರಿಸ್ಲಿ, ನೋಡೋಣ!"

ಭಾವಮೈದ ಆ ಚಾನೆಲಿನಲ್ಲೇ ಬಂದವರ ಮುಖಕ್ಕೆ ಪೌಡರ್ ಬಳಿಯುವವನು. ಲೋಟ ಕೆಳಗಿಟ್ಟ.

"ಭಾವ, ನಾಳೆ ಸದಾಚಾರದ ಬಗ್ಗೆ ಮಾತಾಡ್ಬೇಕಿದ್ದ ಪ್ರೊಫೆಸರು ನಿನ್ನೆ ಕೂಗಾಡಿ ಗಂಟಲು ಕಳ್ಕೊಂಡಿದ್ದಾರೆ. ಕುರ್ಚಿ ಖಾಲಿ ಇದೆ. ಹೇಳ್ಲಾ?"

"ಅಯ್ಯೋ, ನಾನು ಸುಮ್ನೆ..." ಎನ್ನುವಷ್ಟರಲ್ಲಿ ಅವನು ಫೋನಿನಲ್ಲಿ "ಸಿಕ್ಕಿದ್ರು ಸಾರ್, ವಿನಯದಲ್ಲಿ ಇವರನ್ನ ಮೀರಿಸೋರಿಲ್ಲ!" ಎನ್ನುತ್ತಿದ್ದ.

ಬೆಳಗಾಗುವುದರೊಳಗೆ ಸುದ್ದಿ ಕಟ್ಟಡವೆಲ್ಲ ಹರಡಿತು. ಮೂರನೇ ಮಹಡಿಯವರು ಕೋಟು ಕೊಟ್ಟರು, ಮೊದಲನೇ ಮಹಡಿಯವರು ಅದಕ್ಕೆ ಇಸ್ತ್ರಿ ಹಾಕಿದರು, ನಾನು ಗಾಂಭೀರ್ಯಕ್ಕೆಂದು ಒಂದು ಕಪ್ಪು ಫ್ರೇಮು ಕೊಟ್ಟೆ. ಗಾಜು ಹಾಕಿರಲಿಲ್ಲ, ಅದು ಟೀವಿಯಲ್ಲಿ ಕಾಣುವುದಿಲ್ಲ. ಎಲ್ಲರಿಗೂ ಸಲಹೆ ಕೊಡುವ ಉತ್ಸಾಹ. "ನಗ್ತಾ ಇರಿ!" "ನಗಬೇಡಿ, ಹಗುರ ಆಗ್ತೀರಿ!" "ಮಧ್ಯೆ ಮಧ್ಯೆ ಮೇಜು ಗುದ್ದಿ!" ದಯವಿಟ್ಟಪ್ಪನವರು ಎಲ್ಲ ಸಲಹೆಗೂ ಧನ್ಯವಾದ ಹೇಳಿದರು.

ಕಚೇರಿಯಲ್ಲಿ ಸೂಪರಿಂಟೆಂಡೆಂಟರು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರಂತೆ.

"ನೋಡಿ, ನಿಯಮ ಬಹಳ ಒಳ್ಳೇದು ಅಂತ ಹೇಳ್ಬೇಕು. ಅಧ್ಯಕ್ಷರು ನೋಡ್ತಿರ್ತಾರೆ. ನನ್ನ ಬಡ್ತಿ ಫೈಲು ಅವರ ಮೇಜಿನ ಮೇಲಿದೆ."

"ಖಂಡಿತ ಸಾರ್."

ಮನೆಯಲ್ಲಿ ಹೆಂಡತಿ ಕೋಟಿನ ಗುಂಡಿ ಹಾಕುತ್ತಾ, "ರೀ, ಅಜ್ಜಿ ಬಗ್ಗೆ ಒಂದು ಮಾತು ವಾರೆ ಬಂತೋ, ಸ್ಟುಡಿಯೋದಲ್ಲೇ ಚಾಪೆ ಹಾಸ್ಕೊಂಡು ಮಲ್ಕೊಳ್ಳಿ. ಮನೆಗೆ ಬರ್ಬೇಡಿ" ಎಂದರು. ಪುಟ್ಟಿ ಹುಟ್ಟಿದಾಗ ಆಕೆ ಜ್ವರದಲ್ಲಿ ಮಲಗಿದ್ದಷ್ಟು ದಿನವೂ ಮಗುವನ್ನು ಹೊತ್ತು ತಿರುಗಿದ್ದು ಅಜ್ಜಿ.

"ಖಂಡಿತ" ಎಂದರು ದಯವಿಟ್ಟಪ್ಪನವರು. ಎರಡೂ ಖಂಡಿತಗಳನ್ನು ಒಂದೇ ಕೋಟಿನ ಒಳಗೆ ಹೊತ್ತುಕೊಂಡು ಚಾನೆಲಿನ ಕಾರು ಹತ್ತಿದರು.

ಸಂಜೆ ಅವರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಅಡುಗೆಮನೆಯ ಹೊಸ್ತಿಲಲ್ಲಿ ಜನ. ಬರುವುದಿಲ್ಲ ಎಂದಿದ್ದ ಮಿಷಿನ್ ಅಜ್ಜಿಯನ್ನು ಪುಟ್ಟಿ ಕೈಹಿಡಿದು ಎಳೆದು ತಂದಿದ್ದಳು. ತಮ್ಮದೇ ಸ್ಟೂಲು ತಂದುಕೊಂಡು ಮೂಲೆಯಲ್ಲಿ ಕೂತಿದ್ದರು. ಪರದೆಯ ಮೇಲೆ ದಯವಿಟ್ಟಪ್ಪನವರ ಮುಖ ಬಂದಾಗ ಎದ್ದ ಕೂಗಿಗೆ ಬೀದಿಯಲ್ಲಿ ಹೋಗುವವರು ನಿಂತು ಮೇಲೆ ನೋಡಿದರು. ಭಾವಮೈದ ಪ್ರೀತಿ ಹೆಚ್ಚಾಗಿ ಪೌಡರನ್ನೂ ಹೆಚ್ಚು ಮಾಡಿದ್ದ. ಅವರು ಸುಣ್ಣ ಹೊಡೆದ ಗೋಡೆಯ ಹಾಗೆ ಕಾಣುತ್ತಿದ್ದರು.

ಗುಡುಗು ಮೇಜು ಗುದ್ದಿದರು. "ವೀಕ್ಷಕರೇ! ಇವತ್ತಿನ ಪ್ರಶ್ನೆ: ನೀನು ಅಂದವರಿಗೆ ನೀರು ಯಾಕೆ?"

ನಿಯಮದ ಪರವಾಗಿ ಒಬ್ಬ ವಕೀಲರು. ವಿರೋಧಕ್ಕೆ ಆಚೆ ದಡದವರ ಸಂಘದಿಂದ ಹಲ್ಲಿನ ಡಾಕ್ಟರಾಗಿರುವ ಒಬ್ಬ ಯುವತಿ. ನಡುವೆ ನಮ್ಮವರು. ಅವತ್ತು ಯಾರೂ ಕೂಗಾಡಬಾರದು, ವಿನಯದ ಚರ್ಚೆ ವಿನಯದಲ್ಲೇ ನಡೆಯಬೇಕು ಎಂದು ಗುಡುಗು ಮೊದಲೇ ಅಪ್ಪಣೆ ಮಾಡಿದ್ದರು. ವಕೀಲರು ಎರಡೂ ಕೈ ಜೋಡಿಸಿದರು.

"ಎದುರಿಗೆ ಕೂತಿರೋ ಗೌರವಾನ್ವಿತ ಡಾಕ್ಟರ್ ಮೇಡಂ ಬಗ್ಗೆ ನನಗೆ ಅಪಾರ ಗೌರವ ಇದೆ. ಆ ಗೌರವ ಇಟ್ಕೊಂಡೇ, ಶಿರಬಾಗಿ, ತಂಗಿ ಅಂದ್ಕೊಂಡು ಹೇಳ್ತಿದ್ದೀನಿ. ನೀವು ನಾಗರಿಕತೆ ಕಲ್ತಿಲ್ಲ. ದಯಮಾಡಿ ಬಂದ ದೋಣಿ ಹತ್ತಿ ವಾಪಸ್ ಹೋಗಿ."

"ಮಾನ್ಯ ವಕೀಲರು ಹಿರಿಯರು, ನನಗೆ ಅಣ್ಣನ ಸಮಾನ" ಎಂದು ಡಾಕ್ಟರು ಅಷ್ಟೇ ತಗ್ಗಿದ ದನಿಯಲ್ಲಿ ಹೇಳಿದರು. "ಅವರು ಇಷ್ಟು ದೊಡ್ಡದಾಗಿ ಬಾಯಿ ತೆರೆದಿದ್ದಕ್ಕೆ ನನ್ನ ವೃತ್ತಿಯವರ ಪರವಾಗಿ ಕೃತಜ್ಞತೆ. ಒಳಗೆ ಏನೇನು ಕೊಳೆತಿದೆ ಅಂತ ಸ್ಪಷ್ಟವಾಗಿ ಕಾಣಿಸ್ತು."

ಮಂಚದ ಮೇಲಿದ್ದವರು ಶಿಳ್ಳೆ ಹೊಡೆದರು. ಕೈ ಎಷ್ಟು ಗಟ್ಟಿಯಾಗಿ ಜೋಡಿಸಿಕೊಳ್ಳುತ್ತಾರೋ ಅಷ್ಟೇ ಹೊಲಸು ಮಾತು ಹಿಂದೆ ಬರುತ್ತಿದೆಯೆಂದು ಅಷ್ಟು ಹೊತ್ತಿಗೆ ನಮಗೆಲ್ಲ ಅರ್ಥವಾಗಿತ್ತು. ಅರ್ಥವಾಗದೆ ಉಳಿದವರು ದಯವಿಟ್ಟಪ್ಪನವರೊಬ್ಬರೇ. ಅವರು ಇಬ್ಬರ ವಿನಯವನ್ನೂ ಮೆಚ್ಚಿ ತಲೆದೂಗುತ್ತಿದ್ದರು. ಅವರ ಸರದಿ ಬಂತು. ಎಲ್ಲರಿಗೂ ನಮಸ್ಕಾರ ಮಾಡಿದರು. ಕ್ಯಾಮೆರಾ ಹಿಡಿದವರಿಗೂ ಮಾಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, ತಮ್ಮ ಬಳಿಯಿದ್ದ ಒಳ್ಳೆಯ ಮಾತುಗಳನ್ನೆಲ್ಲ ಒಟ್ಟಿಗೆ ಸುರಿದರು.

"ಮೇಡಂ, ನೀವು ಬಹಳ ಒಳ್ಳೆಯವರು. ಬಹಳ ಶುಭ್ರವಾಗಿದ್ದೀರಿ. ನಮ್ಮ ಭಾಷೆ ಎಷ್ಟು ಚೆನ್ನಾಗಿ ಮಾತಾಡ್ತೀರಿ!"

ಡಾಕ್ಟರ ಹುಬ್ಬು ಮೇಲೇರಿತು. "ಒಂದು ನಿಮಿಷ. 'ನೀವು' ಅಂದ್ರೆ ನಾನೊಬ್ಳಾ, ನಮ್ಮ ಜನ ಎಲ್ಲಾನಾ?"

ಒಬ್ಬರನ್ನೇ ಹೊಗಳಿದರೆ ಮಿಕ್ಕವರಿಗೆ ಬೇಸರವಾಗುತ್ತದಲ್ಲ! "ಎಲ್ಲರೂ ಮೇಡಂ! ನೀವೆಲ್ಲರೂ ಶುಭ್ರ!"

"ಓ! ಹಾಗಾದ್ರೆ ಇಷ್ಟು ದಿನ ಅನುಮಾನ ಇತ್ತಾ? ಶುಭ್ರ ಅಂತ ಸರ್ಟಿಫಿಕೇಟ್ ಕೊಡೋಕೆ ಬಂದ್ರಾ? ನಾನು ಹುಟ್ಟಿದ್ದು, ಓದಿದ್ದು ಇದೇ ಊರಲ್ಲಿ. 'ನಮ್ಮ ಭಾಷೆ' ಅಂದ್ರಲ್ಲ, ಯಾರ ಭಾಷೆ ಸ್ವಾಮಿ ಅದು?"

"ಕ್ಷಮಿಸಿ! ತಪ್ಪಾಯ್ತು! ಶುಭ್ರ ಅಂದಿದ್ದನ್ನ ವಾಪಸ್ ತಗೋತೀನಿ!"

"ಅಂದ್ರೆ ಕೊಳಕು ಅಂತೀರಾ?"

"ಇಲ್ಲ ಇಲ್ಲ! ಅಂದ್ರೆ... ನಮ್ಮಷ್ಟೇ! ನಾವೂ ಏನು ಮಹಾ, ನಾವೂ ಕೊಳಕೇ!"

ವಕೀಲರು ಕುರ್ಚಿಯಿಂದ ಚಂಗನೆ ಎದ್ದರು. "ಮಾನ್ಯರೇ! 'ನಾವು' ಅಂದ್ರಲ್ಲ, ಅದರಲ್ಲಿ ನನ್ನನ್ನೂ ಸೇರಿಸಿದ್ರಾ?"

"ದಯವಿಟ್ಟು ಬೇಜಾರು ಮಾಡ್ಕೋಬೇಡಿ, ನಿಮ್ಮನ್ನ ಬಿಟ್ಟು ಹೇಗೆ ಸಾರ್..."

ಪರದೆಯ ಕೆಳಗೆ ಕೆಂಪು ಪಟ್ಟಿ ಓಡತೊಡಗಿತು: 'ಊರಿನವರೆಲ್ಲ ಕೊಳಕು: ನೀರು ಇಲಾಖೆಯ ಒಪ್ಪಿಗೆ'. ಅದು ಮುಗಿಯುವ ಮೊದಲೇ ಇನ್ನೊಂದು: 'ಸ್ನಾನಕ್ಕೂ ನೀರಿಲ್ಲವೇ? ಅಧಿಕಾರಿಯ ಸ್ಫೋಟಕ ಮಾತು'. ಗುಡುಗು ಸಂತೋಷದಿಂದ ಬೆವರುತ್ತಾ ವಿರಾಮ ಘೋಷಿಸಿದರು. ತಕ್ಷಣ ಒಂದು ಸಾಬೂನಿನ ಜಾಹೀರಾತು ಬಂತು.

ಮನೆಯಲ್ಲಿ ಫೋನು ಹೊಡೆದುಕೊಂಡಿತು. ಸೂಪರಿಂಟೆಂಡೆಂಟರು. ಪುಟ್ಟಿ ಸ್ಪೀಕರಿಗೆ ಹಾಕಿದಳು. "ಆ ಮನುಷ್ಯನಿಗೆ ಸುಮ್ನೆ ನಿಯಮ ಒಳ್ಳೇದು ಅನ್ನೋಕೆ ಹೇಳಿದ್ರೆ ಇಲಾಖೆಯ ಬುಡಕ್ಕೇ ನೀರು ಬಿಟ್ನಲ್ಲಮ್ಮಾ!"

"ಸದ್ಯ, ಎಲ್ಲಾದ್ರೂ ಬಿಟ್ರಲ್ಲ" ಎಂದು ಹೇಳಿ ಹೆಂಡತಿ ಫೋನಿಟ್ಟರು.

ಅಷ್ಟರಲ್ಲಿ ಮೂಲೆಯಿಂದ ಅಜ್ಜಿ ಎದ್ದರು. "ಕೊಡೇ ಆ ಫೋನು ಇಲ್ಲಿ. ಕೆಳಗೆ ನಂಬರ್ ತೋರಿಸ್ತಿದ್ದಾರಲ್ಲ, ಒತ್ತು." ಹೆಂಡತಿ ಒತ್ತಿದರು. ಟ್ಯಾಂಕಿನ ಹತ್ತಿರ ಮಾತಾಡಿದ ಅಜ್ಜಿ ಇವರೇ ಎಂದು ಗೊತ್ತಾದದ್ದೇ ತಡ, ಚಾನೆಲಿನವರು ಫೋನು ಇಡಲು ಬಿಡಲಿಲ್ಲ. ಟೀವಿಯ ಹತ್ತಿರ ಕೀಚಲು ಶಬ್ದ ಬರುತ್ತದೆಂದು ಅಜ್ಜಿ ಫೋನು ಹಿಡಿದು ಮೆಟ್ಟಿಲ ಹತ್ತಿರ ಹೋಗಿ ನಿಂತರು.

ವಿರಾಮ ಮುಗಿಯುತ್ತಲೇ ಇನ್ನೊಂದು ಲೈನಿನಲ್ಲಿ ಅಧ್ಯಕ್ಷರೇ ಬಂದಿದ್ದರು.

"ನಮ್ಮ ಊರನ್ನೇ ಕೊಳಕು ಅಂದ ಈ ಮಹಾಶಯರು ಯಾರು? ನನಗೆ ಈಗಲೇ ಉತ್ತರ ಬೇಕು. ಬಹುವಚನದಲ್ಲಿ ಬೇಕು!"

"ಒಂದೇ ನಿಮಿಷ ಲೈನಲ್ಲಿರಿ ಅಧ್ಯಕ್ಷರೇ!" ಎಂದು ಗುಡುಗು ಅಬ್ಬರಿಸಿದರು. "ವೀಕ್ಷಕರೇ, ಅದೇ ಅಜ್ಜಿ! ಅದೇ ಅಜ್ಜಿ ಈಗ ನಮ್ಮ ಜೊತೆ!"

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸ್ಟುಡಿಯೋದಲ್ಲಿ ಆಡಿದ್ದು ಅಧ್ಯಕ್ಷರಿಗೆ ಕೇಳುತ್ತಿತ್ತು. ಅಜ್ಜಿಯ ಲೈನು ಅವರಿಗೆ ಕೇಳುತ್ತಿರಲಿಲ್ಲ. ಇದನ್ನು ಭಾವಮೈದ ಆಮೇಲೆ ಬಂದು ತಿಳಿಸಿದ.

ನಮಗೆ ಅಜ್ಜಿಯ ದನಿ ಮೊದಲು ಮೆಟ್ಟಿಲಿನಿಂದ, ಒಂದು ಉಸಿರು ಬಿಟ್ಟು ಟೀವಿಯಿಂದ, ಎರಡು ಸಲ ಕೇಳಿಸಿತು.

"ಏನೋ, ನಾನು ಎದುರುಮನೆಯವಳು. ನಿನಗೆ ನನ್ನ ಮೇಲೆ ಏನು ಸಿಟ್ಟೋ?"

ದಯವಿಟ್ಟಪ್ಪನವರು ಕುರ್ಚಿಯಲ್ಲೇ ಅರ್ಧ ಎದ್ದರು. "ಅಜ್ಜಿ! ತಾವು! ತಮ್ಮ ಮೇಲೆ ನನಗೆ ಸಿಟ್ಟಾ?"

"ನೋಡು, ಈಗಲೂ ಅದೇ! ನಮ್ಮಲ್ಲಿ ಒಬ್ರಿಗೆ 'ನೀವು' ಅಂದ್ರೆ ಅವರ ಜೊತೆ ಮಾತು ಬಿಟ್ಟಿದ್ದೀನಿ ಅಂತ ಅರ್ಥ ಕಣೋ. ನೀನು ಬೇರೆ, ನಿನ್ನ ಗುಂಪು ಬೇರೆ, ದೂರ ನಿಲ್ಲು ಅಂತ ಅರ್ಥ. ನಿನ್ನ ಹೆಂಡ್ತಿ ನನಗೆ ನೀನು ಅಂತಾಳೆ. ನಿನ್ನ ಮಗಳು ಅಂತಾಳೆ. ನೀನೊಬ್ನೇ ನನ್ನ ಮುಖ ನೋಡಿದಾಗಲೆಲ್ಲ ತಾವು ತಾವು ಅಂತ ಬಾಗಿಲು ಹಾಕ್ತೀಯಾ. ಊರಿನವರು ಮಿಷಿನ್ ವಾಪಸ್ ತಗೊಂಡು ಹೋದ್ರು, ಹೋಗ್ಲಿ. ಅವರು ಊರಿನವರು. ನೀನು ಯಾಕೋ?"

ಹೆಂಡತಿ ಸೆರಗನ್ನು ಬಾಯಿಗೆ ಹಿಡಿದಿದ್ದರು. ಟೀವಿಯಲ್ಲಿ ದಯವಿಟ್ಟಪ್ಪನವರ ಬಾಯಿ ತೆರೆಯಿತು, ಮುಚ್ಚಿತು. ಹಣೆಯ ಮೇಲಿನ ಪೌಡರು ಬೆವರಿಗೆ ಕರಗಿ ಮೂಗಿನ ತುದಿಗೆ ಇಳಿಯಿತು.

"ನೀ..." ಎಂದರು.

ವಕೀಲರು ಕತ್ತು ಮುಂದೆ ಚಾಚಿದರು. ಗುಡುಗು ಮೇಜು ಗುದ್ದಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ನೀ... ನೀ..."

"ಹೇಳಿ ಅಪ್ಪಾ!" ಎಂದು ಪುಟ್ಟಿ ಟೀವಿಗೆ ಕಿರುಚಿದಳು. ಅವಳೂ ಗಾಬರಿಯಲ್ಲಿ ಬಹುವಚನಕ್ಕೆ ಜಾರಿದ್ದಳು.

"ನೀನು ಊಟ ಮಾಡಿದ್ರಾ?"

ಹೇಳಿಬಿಟ್ಟರು! ಕಟ್ಟಡವೇ ಅಲುಗಾಡುವಂಥ ಚಪ್ಪಾಳೆ. ಮೆಟ್ಟಿಲ ಬಳಿ ಅಜ್ಜಿ, "ಅಯ್ಯೋ ನನ್ನಪ್ಪಾ!" ಎಂದು ಕೂತೇಬಿಟ್ಟರು. ಆದರೆ ಆ ಚಪ್ಪಾಳೆಯ ನಡುವೆಯೇ ಟೀವಿಯೊಳಗಿನಿಂದ ಬೇರೊಂದು ಗರ್ಜನೆ ಕೇಳಿಸಿತು.

"ಏನಂದೆ? ನನಗೆ ನೀನು ಅಂದ್ಯಾ? ಯಾರು ಅಂತ ತಿಳ್ಕೊಂಡಿದ್ದೀಯೋ ನನ್ನ? ನಾನು ಊಟ ಮಾ‍ಡಿದ್ರೆಷ್ಟು ಬಿಟ್ರೆಷ್ಟು ನಿನಗೆ?"

ಅಧ್ಯಕ್ಷರು! ಉತ್ತರ ಬೇಕೆಂದು ಕಾದು ಕೂತವರಿಗೆ ಬಂದ ಉತ್ತರ ಅದಾಗಿತ್ತು.

ದಯವಿಟ್ಟಪ್ಪನವರ ಮುಖದಲ್ಲಿ ಪೌಡರಿಗಿಂತ ಬಿಳಿ ಬಣ್ಣ ಬಂತು. "ಅಯ್ಯೋ ಸಾರ್, ತಮಗಲ್ಲ! ದಯವಿಟ್ಟು! ತಮ್ಮ ಊಟದ ಬಗ್ಗೆ ನನಗೆ ಯಾವ ಆಸಕ್ತೀನೂ ಇಲ್ಲ!"

"ಅವಮಾನದ ಮೇಲೆ ಅವಮಾನ!"

ಹಲ್ಲಿನ ಡಾಕ್ಟರು ಮೆಲ್ಲಗೆ ಕೈಯೆತ್ತಿದರು. "ಮಾನ್ಯ ಅಧ್ಯಕ್ಷರ ಬಗ್ಗೆ ಅಪಾರ ಗೌರವ ಇಟ್ಕೊಂಡು ಕೇಳ್ತೀನಿ. ಈಗ ಒಂದೇ ಉಸಿರಲ್ಲಿ ಅವರು ಎಷ್ಟು ಸಲ ಏಕವಚನ ಆಡಿದ್ರು? ಅವರನ್ನ ಯಾವ ಕೌಂಟರಿಂದ ಹಿಂದಕ್ಕೆ ಕಳಿಸ್ಬೇಕು?"

ವಕೀಲರಿಗೆ ಕಾನೂನಿನ ಹುಚ್ಚು ಹಿಡಿದುಬಿಟ್ಟಿತ್ತು. ಅವರು ತಮ್ಮ ಪಕ್ಷವನ್ನೇ ಮರೆತು, "ಇಲ್ಲೊಂದು ಸೂಕ್ಷ್ಮ ಇದೆ! 'ನೀನು' ಏಕವಚನ, ನಿಜ. ಆದರೆ 'ಮಾಡಿದ್ರಾ' ಬಹುವಚನ! ಒಂದೇ ವಾಕ್ಯದಲ್ಲಿ ಅಪರಾಧವೂ ಇದೆ, ಮರ್ಯಾದೆಯೂ ಇದೆ! ಇದಕ್ಕೆ ಅರ್ಧ ಶಿಕ್ಷೆ ಮಾತ್ರ ಸಾಧ್ಯ!" ಎಂದು ಮೇಜು ಗುದ್ದಿದರು. ತಮ್ಮ ಮೇಜನ್ನು ಬೇರೆಯವರು ಗುದ್ದಿದ್ದು ಗುಡುಗಿಗೆ ಸಹಿಸಲಾಗಲಿಲ್ಲ, ಅವರೂ ಗುದ್ದಿದರು.

ಅಧ್ಯಕ್ಷರ ಲೈನಿನಲ್ಲಿ ಆಗ ಹಿಂದುಗಡೆಯಿಂದ ಹಣ್ಣು ಮುದುಕಿಯೊಬ್ಬರ ದನಿ ಹತ್ತಿರ ಹತ್ತಿರ ಬಂತು.

"ಯಾರೋ ಪುಣ್ಯಾತ್ಮ ಊಟ ಆಯ್ತಾ ಅಂತ ಕೇಳಿದ್ರೆ ಅವನ ಮೇಲೆ ಯಾಕೋ ಕೂಗಾಡ್ತೀಯಾ? ಇಲ್ಲಪ್ಪಾ, ಇವನು ಊಟ ಮಾಡಿಲ್ಲ! ಮಧ್ಯಾಹ್ನದಿಂದ ಮರ್ಯಾದೆ ಮರ್ಯಾದೆ ಅಂತ ಫೋನ್ ಹಿಡ್ಕೊಂಡು ಕೂತಿದ್ದಾನೆ!"

"ಅಮ್ಮಾ, ಲೈವ್‌ನಲ್ಲಿದ್ದೀನಿ!"

"ಲೈವೋ ಗೀವೋ, ಊಟ ಆರ್ತಿದೆ! ಆ ಹೆಂಗಸು ಏನು ತಪ್ಪು ಕೇಳಿದ್ಲೋ? ನೀರು ಯಾವಾಗ ಬಿಡ್ತೀಯಾ ಅಂದ್ಲು. ನಾನೂ ನಿನಗೆ ದಿನಾ ಹಾಗೇ ಕೇಳ್ತೀನಿ, ನನ್ನನ್ನೂ ಮನೆಯಿಂದ ಆಚೆ ಹಾಕ್ತೀಯಾ? ನಾಳೆ ನೀರು ಬಿಡು. ಈಗ ಆ ಫೋನ್ ಇಡು. ಏಳು, ಕೈ ತೊಳ್ಕೋ!"

ಟಪ್ ಎಂದು ಲೈನು ಹೋಯಿತು. ಮೊದಲು ನಕ್ಕದ್ದು ಕ್ಯಾಮೆರಾದವನು. ಪರದೆ ಗಡಗಡ ನಡುಗಿದ್ದರಿಂದ ಗೊತ್ತಾಯಿತು. ಆಮೇಲೆ ಡಾಕ್ಟರು, ಆಮೇಲೆ ವಕೀಲರು, ಆಮೇಲೆ ನಮ್ಮ ಕಟ್ಟಡ, ಎದುರಿನ ಕಟ್ಟಡ, ಕೆಳಬೀದಿ. ಊರಿನ ಎರಡೂ ಕಡೆ ಒಂದೇ ಹೊತ್ತಿಗೆ ನಕ್ಕದ್ದು ನನಗೆ ತಿಳಿದಂತೆ ಅದೇ ಮೊದಲು.

ಇದರ ಪರಿಣಾಮಗಳನ್ನು ಚುಟುಕಾಗಿ ಹೇಳುತ್ತೇನೆ. ಪುರಸಭೆಯಲ್ಲಿ ನಿಯಮವನ್ನು ಮಂಡಿಸಲು ಅಧ್ಯಕ್ಷರು ಎದ್ದು ನಿಂತಾಗ ಹಿಂದಿನ ಬೆಂಚಿನವರೊಬ್ಬರು ಬಹಳ ಗೌರವದಿಂದ, "ಅಧ್ಯಕ್ಷರೇ, ತಮ್ಮ ಊಟ ಆಯಿತೇ?" ಎಂದು ಕೇಳಿದರು. ಸಭೆ ಮತ್ತೆ ಹತೋಟಿಗೆ ಬರಲಿಲ್ಲ. ನಿಯಮವನ್ನು ಉಪಸಮಿತಿಗೆ ಒಪ್ಪಿಸಲಾಯಿತು. ಅದು ಅಲ್ಲೇ ಸುಖವಾಗಿ ನಿದ್ದೆ ಮಾಡುತ್ತಿದೆ. ಟ್ಯಾಂಕಿಗೆ ನೀರು ಬಂತು. ಅಧ್ಯಕ್ಷರ ತಾಯಿ ಮಗನಿಗೆ ಊಟ ಬಡಿಸುವ ಮೊದಲು ದಿನಾ ಅದನ್ನೇ ಕೇಳುತ್ತಿದ್ದರಂತೆ. ಬೇಕರಿಯವನು ಬೋರ್ಡನ್ನು ಮಗುಚಿ ಹಾಕಿ ಅದರ ಹಿಂಭಾಗದಲ್ಲಿ ಬ್ರೆಡ್ಡಿನ ಬೆಲೆ ಬರೆದ. ಬಿಚ್ಚಿದ ಮಿಷಿನ್ನುಗಳು ಒಂದೊಂದಾಗಿ ಮೆಟ್ಟಿಲು ಹತ್ತಿ ಬಂದವು. ತಂದವರು ಅಜ್ಜಿಯ ಮುಖ ನೋಡದೆ, "ಬೇರೆ ಕಡೆ ಕೊಟ್ಟೆ, ದಾರ ಕಿತ್ಕೋತಾ ಇದೆ" ಎಂದು ಗೋಡೆಗೆ ಹೇಳಿದರು. ಅಜ್ಜಿ ಎಲ್ಲವನ್ನೂ ಒಳಗಿಡಿಸಿಕೊಂಡರು. ಬೇಕರಿಯವನ ಹೆಂಡತಿಯ ಮಿಷಿನ್ನನ್ನು ಮಾತ್ರ ಎಲ್ಲರದ್ದೂ ಆದ ಮೇಲೆ ಕೈಗೆತ್ತಿಕೊಂಡರು. ಸೂಪರಿಂಟೆಂಡೆಂಟರು ವಕೀಲರ ವಾದವನ್ನು ಎತ್ತಿಹಿಡಿದು ದಯವಿಟ್ಟಪ್ಪನವರ ಅರ್ಧ ದಿನದ ರಜೆ ಕತ್ತರಿಸಿದರು.

ಆದರೆ ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ದಯವಿಟ್ಟಪ್ಪನವರು ಅಜ್ಜಿಗೆ ಇನ್ನು ಮೇಲೆ 'ನೀನು' ಎಂದೇ ಅನ್ನುವೆನೆಂದು ಮಾತು ಕೊಟ್ಟಿದ್ದರು. ಪದ ಹೇಗೋ ಬರುತ್ತಿತ್ತು. ಹಿಂದಿನ ಕ್ರಿಯಾಪದ ಬಗ್ಗುತ್ತಿರಲಿಲ್ಲ. "ಅಜ್ಜಿ, ನೀನು ಹೇಗಿದ್ದೀರಿ?" "ಅಜ್ಜಿ, ನೀನು ದಯವಿಟ್ಟು ಒಳಗೆ ಬನ್ನಿ." ಪುಟ್ಟಿ ಸಂಜೆ ಕೂರಿಸಿಕೊಂಡು ಪಾಠ ಹೇಳಿದಳು.

"ಅಪ್ಪಾ, ನೀನು ಬಂದೆ. ಹೇಳು."

"ನೀನು ಬಂದಿರಿ."

"ಬಂದೆ!"

"ಬಂದೆ. ಸರಿ. ನೀನು ಬಂದೆ... ರಿ."

ಅಜ್ಜಿ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುವರು. "ತಲೆ ನಮ್ಮ ಕಡೇದು, ಬಾಲ ನಿಮ್ಮ ಕಡೇದು! ಬಿಡೋ, ನಿನ್ನ ಕೈಲಿ ಆಗಲ್ಲ" ಎನ್ನುವರು. ಆದರೆ ಬಾಗಿಲು ಮಾತ್ರ ಮುಚ್ಚುತ್ತಿರಲಿಲ್ಲ.

ಹೀಗೇ ಒಂದು ಭಾನುವಾರ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ಎತ್ತುತ್ತಿದ್ದೆ. ಮೇಲಿನಿಂದ ದಡಬಡ, ಧಡಾರ್, ಠಣಠಣ ಎಂದು ಭಯಂಕರ ಸದ್ದು. ಓಡಿ ಹೋಗಿ ನೋಡಿದರೆ ಮೆಟ್ಟಿಲ ತಿರುವಿನಲ್ಲಿ ದಯವಿಟ್ಟಪ್ಪನವರು ಕಾಲು ಚಾಚಿ ಕೂತಿದ್ದಾರೆ. ಅಡಿಯಿಂದ ಮುಡಿಯವರೆಗೆ ತೊಪ್ಪನೆ ನೆಂದಿದ್ದಾರೆ. ಅಜ್ಜಿ ನಲ್ಲಿ ನೀರು ತುಂಬಿಸಿ ಮೆಟ್ಟಿಲ ಮೇಲಿಟ್ಟಿದ್ದ ಬಕೆಟ್ಟು ಅವರ ಪಕ್ಕದಲ್ಲಿ ಇನ್ನೂ ಉರುಳುತ್ತಿದೆ. ಒಂದು ಚಪ್ಪಲಿ ನನ್ನ ಕಾಲ ಬಳಿ ಬಂದು ಬಿತ್ತು.

ಅವರು ಉಸಿರೆಳೆದುಕೊಂಡು, ಮೇಲೆ ನೋಡಿ, ಇಡೀ ಕಟ್ಟಡಕ್ಕೆ ಕೇಳಿಸುವಂತೆ ಕಿರುಚಿದರು.

"ಏನಜ್ಜಿ, ನಿನಗೆ ಬುದ್ಧಿ ಇದೆಯಾ? ಮೆಟ್ಟಿಲ ಮೇಲೆ ಯಾರಾದ್ರೂ ಬಕೆಟ್ ಇಡ್ತಾರಾ? ನನ್ನ ಸೊಂಟ ಮುರೀಬೇಕು ಅಂತಿದ್ದೀಯಾ ನೀನು? ಇನ್ನೊಂದು ಸಲ ಇಟ್ಟು ನೋಡು, ಕಿಟಕಿಯಿಂದ ಎಸೀತೀನಿ!"

ಬಾಗಿಲುಗಳೆಲ್ಲ ತೆರೆದವು. ಮೂರನೇ ಮಹಡಿಯವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಗ್ಗಿ ನೋಡಿದರು. ಹೆಂಡತಿ ಸೌಟು ಹಿಡಿದು ಹೊರಗೆ ಬಂದರು. ದಯವಿಟ್ಟಪ್ಪನವರಿಗೆ ತಾವು ಆಡಿದ್ದು ಆಗ ತಮಗೇ ಕೇಳಿಸಿರಬೇಕು. ಎರಡೂ ಕೈ ಬಾಯಿಗೆ ಹೋದವು.

ಮೇಲಿನ ಮೆಟ್ಟಿಲಲ್ಲಿ ಅಜ್ಜಿ ನಿಂತಿದ್ದರು. ಮುಖ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಕೇಳಿದ್ರಾ?" ಎಂದು ಕಟ್ಟಡಕ್ಕೆಲ್ಲ ಸಾರಿದರು. "ಎಲ್ಲರೂ ಕೇಳಿಸ್ಕೊಂಡ್ರಾ? ಒಂದೂ ತಪ್ಪಿಲ್ಲ! ಏ ಪುಟ್ಟೀ, ಬಾರೇ, ನಿಮ್ಮಪ್ಪ ನನ್ನನ್ನ ಬೈದ!" ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಮೆಟ್ಟಿಲು ಕೆಳಗಿಳಿದು, ಖುಷಿಯಿಂದ ದನಿಯೇರಿಸಿದರು. "ಅಲ್ವೋ, ಅಷ್ಟು ದೊಡ್ಡ ಬಕೆಟ್ ಕಾಣ್ಸಲ್ವಾ ನಿನಗೆ? ಕಣ್ಣೇನು ಕಚೇರಿ ಡ್ರಾಯರಲ್ಲಿ ಇಟ್ಟು ಬಂದಿದ್ದೀಯಾ? ಏಳು ಮೇಲಕ್ಕೆ! ಎದ್ದು ಬಂದು ಸರಿಯಾಗಿ ಜಗಳ ಆಡು!"

ದಯವಿಟ್ಟಪ್ಪನವರು ಎದ್ದರು. ಒದ್ದೆ ತೋಳು ಮೇಲೇರಿಸಿಕೊಂಡು ಮೆಟ್ಟಿಲು ಹತ್ತಿದರು. ನಾನು ಆ ದಿನ ಅಂಗಡಿ ತಡವಾಗಿ ತೆರೆದೆ.